ಮನೆಯವರ ಕಾರ್ಡು

ಜನವರಿ 9

ಅಪ್ಪನಿಗೆ,

ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ, ಕಿವಿಗೆ ಹಾಕುವ ಯಂತ್ರವನ್ನು ಮೇಜಿನ ಡ್ರಾಯರಿನಲ್ಲಿ ಮಲಗಿಸಿದ್ದೀರಿ ಎಂದು ನಿಮ್ಮ ಕ್ಲಿನಿಕ್ಕಿನ ಸಿಸ್ಟರ್ ಹೇಳಿದರು. ನಲವತ್ತು ವರ್ಷ ಡ್ರಿಲ್ಲಿನ ಸದ್ದು ಕೇಳಿದ ಕಿವಿ ಇನ್ನು ಯಾರ ಮಾತೂ ಬೇಡ ಎಂದು ಹಟ ಹಿಡಿದರೆ ಅದರ ತಪ್ಪೇನಿಲ್ಲ. ಹಾಗಾಗಿ ಕಾಗದ. ನಾನು ನಿಮಗೆ ಕೊನೆಯ ಸಲ ಕಾಗದ ಬರೆದದ್ದು ಹಾಸ್ಟೆಲಿನಿಂದ. ಆಗ ಅಮ್ಮ ಇದ್ದಳು.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಹಲ್ಲು ತುಂಬಿಸುವ ಸಿಮೆಂಟಿಗೆ ಆಂಟಿಬಯಾಟಿಕ್ ಬೆರೆಸುವ ಕೆಲಸದಲ್ಲಿ ನಾನು ನಾಲ್ಕು ವರ್ಷದಿಂದ ಇದ್ದೇನೆ. ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹುಳುಕನ್ನು ಪೂರ್ತಿ ಕೊರೆದು ತೆಗೆಯಲು ಹೋದರೆ ಡ್ರಿಲ್ಲು ನರಕ್ಕೆ ತಾಗುತ್ತದೆ. ಸ್ವಲ್ಪ ಬಿಟ್ಟು ಮುಚ್ಚಿದರೆ ಒಳಗೆ ಉಳಿದ ಬ್ಯಾಕ್ಟೀರಿಯಾ ಫಿಲ್ಲಿಂಗಿನ ಕೆಳಗೇ ಸಂಸಾರ ಹೂಡುತ್ತವೆ. ಸಿಮೆಂಟಿನಲ್ಲೇ ಔಷಧವಿದ್ದರೆ ಅವು ಅಲ್ಲೇ ಸಾಯುತ್ತವೆ. ಲ್ಯಾಬಿನಲ್ಲಿ ಇದು ಸಾಬೀತಾಗಿದೆ. ಜೂನ್ ಒಂದರಿಂದ ಎಂಬತ್ತು ಮಕ್ಕಳ ಹಲ್ಲಿಗೆ ಹಾಕಿ ನೋಡಲು ಅನುಮತಿ ಕೇಳಿದ್ದೇವೆ.

ನೀವು ಇದನ್ನು ಮಾಡುತ್ತಿದ್ದಿರಿ. ನನಗೆ ಚೆನ್ನಾಗಿ ನೆನಪಿದೆ. ಶಾಲೆ ಮುಗಿಸಿ ಕ್ಲಿನಿಕ್ಕಿಗೆ ಬಂದಾಗ ಗಾಜಿನ ಹಲಗೆಯ ಮೇಲೆ ಸಿಮೆಂಟಿನ ಪುಡಿ ಹಾಕಿ, ಪಕ್ಕದಲ್ಲಿ ಒಂದು ಕ್ಯಾಪ್ಸೂಲ್ ಬಿಡಿಸಿ ಬೆರಳಿನಿಂದ ತಟ್ಟುತ್ತಿದ್ದಿರಿ. ಏನದು ಎಂದು ಕೇಳಿದರೆ, "ಹುಳಗಳಿಗೆ ಊಟ ಕಣೇ, ಕೊನೇ ಊಟ" ಅಂದಿದ್ದಿರಿ. ಯಾವ ಔಷಧ, ಎಷ್ಟು, ಎಷ್ಟು ಜನಕ್ಕೆ, ಫಿಲ್ಲಿಂಗ್ ಎಷ್ಟು ವರ್ಷ ಬಾಳಿತು, ಇವೆಲ್ಲ ನಿಮ್ಮ ಕಾರ್ಡುಗಳಲ್ಲಿ ಇರಲೇಬೇಕು. ಕಾರ್ಡು ಬರೆಯದೆ ನೀವು ಯಾರ ಬಾಯಿಗೂ ಕೈ ಹಾಕಿದವರಲ್ಲ. ಅವುಗಳ ನಕಲು ಬೇಕು.

ಇನ್ನೊಂದು ಮಾತು. ಅಮ್ಮ ಹೋಗಿ ಹದಿನಾಲ್ಕು ವರ್ಷ. ಒಂದು ಹುಳುಕು ಹಲ್ಲಿನ ಕೀವು ಕುತ್ತಿಗೆಗಿಳಿದು, ಎದೆಗಿಳಿದು, ಒಂಬತ್ತು ದಿನದಲ್ಲಿ ಎಲ್ಲ ಮುಗಿಯಿತು. ಹಲ್ಲಿನ ಡಾಕ್ಟರ ಹೆಂಡತಿ ಹಲ್ಲಿನಿಂದ ಹೋದಳಂತೆ ಎಂದು ಜನ ನಮ್ಮ ಎದುರಿಗೇ ಆಡಿಕೊಂಡರು. ಆಸ್ಪತ್ರೆಗೆ ಸೇರಿಸುವ ಮುಂಚೆ ನೀವು ಎರಡು ದಿನ ಮನೆಯಲ್ಲೇ ಕಾದಿರಿ. ಆ ಎರಡು ದಿನವನ್ನು ನಾನು ಇನ್ನೂ ಮರೆತಿಲ್ಲ. ಆದರೆ ಈಗ ಅದಕ್ಕಿಂತ ಬೇರೆಯದೇ ಪ್ರಶ್ನೆ ಕಾಡುತ್ತದೆ. ಆ ಹಲ್ಲಿನಲ್ಲಿ ಔಷಧದ ಸಿಮೆಂಟು ಇದ್ದಿದ್ದರೆ ಅಮ್ಮ ಉಳಿಯುತ್ತಿದ್ದಳು. ಊರಿನವರಿಗೆಲ್ಲ ಹಾಕಿದ್ದನ್ನು ಮನೆಯವಳಿಗೆ ಯಾಕೆ ಹಾಕಲಿಲ್ಲ? ಕೇಳಬಾರದು ಎಂದುಕೊಂಡೇ ಕೂತಿದ್ದೆ, ಕೇಳಿಬಿಟ್ಟೆ.

ನಿಮ್ಮ ಮಗಳು

&nbsp;

ಜನವರಿ 22

ಅಳಿಲೇ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಲಕೋಟೆಯ ಮೇಲಿನ ಅಕ್ಷರ ನೋಡಿ ಸಿಸ್ಟರ್ ಅದನ್ನು ನನ್ನ ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟು ಹೊರಗೆ ಹೋದರು. ಮೂವತ್ತು ವರ್ಷ ಜೊತೆಗಿದ್ದು ಅವರಿಗೆ ಇಷ್ಟು ನಯ ಯಾವಾಗ ಬಂತೋ ಗೊತ್ತಿಲ್ಲ. ರೋಗಿ ಬಾಯಿ ಮುಚ್ಚಿದರೆ ಗದರುವ ಹೆಂಗಸು ಅವರು.

ಅಳಿಲೇ ಎಂದು ಕರೆದದ್ದಕ್ಕೆ ಮುನಿಯಬೇಡ. ಮುಂದಿನ ಎರಡು ಹಲ್ಲು ಮೊದಲು ಬಂದು, ಉಳಿದ ಮುಖ ಆಮೇಲೆ ಬಂದ ಮಗು ನೀನು. ಬೇರೆ ಹೆಸರು ನನ್ನ ಬಾಯಿಗೆ ಬರುವುದಿಲ್ಲ.

ಕ್ಲಿನಿಕ್ ಈ ವರ್ಷ ಮುಚ್ಚುತ್ತೇನೆ. ಕೈ ನಡುಗುತ್ತದೆ. ಮೊದಲು ಬಲಗೈ ಮಾತ್ರ ಇತ್ತು, ಈಗ ಎಡಗೈಯೂ ಅದಕ್ಕೆ ಜೊತೆ ಕೊಡುತ್ತಿದೆ. ಈಗ ಬರುವವರು ಹಳಬರು, ಹರಟೆಗೆ ಬರುತ್ತಾರೆ. ಬಾಯಿ ತೆರೆದು ಕೂರುತ್ತಾರೆ, ನಾನು ಕನ್ನಡಿ ಹಿಡಿದು ನೋಡುತ್ತೇನೆ, ಎಲ್ಲ ಸರಿಯಿದೆ ಎನ್ನುತ್ತೇನೆ, ಹೋಗುತ್ತಾರೆ. ಸರಿಯಿಲ್ಲದವರನ್ನು ಮುಂದಿನ ರಸ್ತೆಯ ಹುಡುಗಿ ಡಾಕ್ಟರ ಹತ್ತಿರ ಕಳಿಸುತ್ತೇನೆ.

ನಕಲು ಯಾಕೆ, ಕಾರ್ಡುಗಳನ್ನೇ ಕಳಿಸುತ್ತಿದ್ದೇನೆ. ನಲವತ್ತಮೂರು ಇವೆ. ಬಲಗಡೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟಿರುವುದೆಲ್ಲ ಆ ಮಿಶ್ರಣದವು. ಮೊದಲು ಮೂರು ಔಷಧ ಹಾಕುತ್ತಿದ್ದೆ. ಮೂರನೆಯದು ಹಲ್ಲನ್ನು ಬೂದಿಬಣ್ಣ ಮಾಡಿತು. ಮದುವೆಗೆ ನಿಂತ ಹುಡುಗಿಯೊಬ್ಬಳ ತಾಯಿ ಬಂದು ಚೆನ್ನಾಗಿ ಮಂಗಳಾರತಿ ಎತ್ತಿದ ಮೇಲೆ ಅದನ್ನು ಬಿಟ್ಟೆ. ಉಳಿದ ಎರಡು ಯಾವುವೆಂದು ಕಾರ್ಡಿನಲ್ಲಿದೆ. ಅಳತೆ ಅಂತ ಕೇಳಿದ್ದೀಯ. ನೂರು ಪಾಲು ಪುಡಿಗೆ ಎರಡು ಪಾಲು ಎಂದು ಬರೆದಿದ್ದೇನೆ, ಆದರೆ ಹಲಗೆಯ ಮೇಲೆ ಅದು ಚಿಟಿಕೆ. ನನ್ನ ಚಿಟಿಕೆ ಯಾವತ್ತೂ ಒಂದೇ ಸಮ ಇತ್ತು ಎಂದು ಆಣೆ ಮಾಡಲಾರೆ. ಹೆಚ್ಚು ಹಾಕಿದರೆ ಸಿಮೆಂಟು ಗಟ್ಟಿಯಾಗಲು ತಡಮಾಡುತ್ತದೆ, ಅಂಚು ಪುಡಿಯಾಗುತ್ತದೆ. ಇದು ನಿನಗೂ ಗೊತ್ತಾಗಿರಬೇಕು.

ಕಾಗದದ ಕೊನೆಯಲ್ಲಿ ನೀನು ಕೇಳಿದ್ದಕ್ಕೆ ಏನು ಬರೆಯಬೇಕೋ ತೋಚಲಿಲ್ಲ. ಚಳಿಗೆ ಕಿಟಕಿ ಮುಚ್ಚಿಕೊಂಡು ಮಲಗು. ನಿನಗೆ ಮೊದಲಿನಿಂದ ಕಫದ ಮೈ.

ನಿನ್ನ ಅಪ್ಪ

&nbsp;

ಫೆಬ್ರುವರಿ 17

ಅಪ್ಪನಿಗೆ,

ಕಾರ್ಡುಗಳು ಬಂದವು. ಪೆಟ್ಟಿಗೆ ತೆರೆದ ಕೂಡಲೇ ಲವಂಗದೆಣ್ಣೆಯ ವಾಸನೆ ಲ್ಯಾಬೆಲ್ಲ ಹರಡಿತು. ನನ್ನ ಜೊತೆಯವರು ಯಾರಿಗೆ ಹಲ್ಲುನೋವು ಎಂದು ಕೇಳಿದರು. ಅಕ್ಷರ ಎಷ್ಟು ಮುದ್ದಾಗಿದೆಯಪ್ಪ. ಕೊನೆಯ ಹತ್ತು ಕಾರ್ಡಿನಲ್ಲಿ ಅದು ನಡುಗಲು ಶುರುವಾಗುತ್ತದೆ.

ನಲವತ್ತಮೂರರಲ್ಲಿ ಮೂವತ್ತೊಂದು ಫಿಲ್ಲಿಂಗ್ ಐದು ವರ್ಷ ದಾಟಿವೆ. ಅದೂ ಕೊರೆಯದೆ ಉಳಿಸಿದ ಹುಳುಕಿನ ಮೇಲೆ ಕೂರಿಸಿದವು. ಇಲ್ಲಿನ ಹಿರಿಯರಿಗೆ ತೋರಿಸಿದೆ. ಯಾವ ಸೌಕರ್ಯವೂ ಇಲ್ಲದೆ ಇಪ್ಪತ್ತು ವರ್ಷ ಮುಂಚೆ ಇದನ್ನು ಯೋಚಿಸಿದ ಮನುಷ್ಯ ಯಾರು ಎಂದು ಅವರು ಕೇಳಿದಾಗ, ನನ್ನ ಅಪ್ಪ ಎಂದೆ. ಹಾಗೆ ಹೇಳುವಾಗ ನನಗೆ ಹೆಮ್ಮೆಯಾಯಿತು. ಅದನ್ನು ನಿಮಗೆ ತಿಳಿಸದೆ ಇರುವುದು ಸಣ್ಣತನವಾಗುತ್ತದೆ ಎಂದು ಬರೆಯುತ್ತಿದ್ದೇನೆ.

ಒಂದು ಸಂದೇಹ. ಉಳಿದ ಹನ್ನೆರಡು ಜನ ಮರಳಿ ಬಂದೇ ಇಲ್ಲ. ಅವರ ಫಿಲ್ಲಿಂಗ್ ಏನಾಯಿತು? ನಿಮಗೇನಾದರೂ ಗೊತ್ತೇ? ಇನ್ನೊಂದು, ಪ್ರತಿ ಕಾರ್ಡಿನ ಕೆಳಗೆ "ಬೇರೆ ವೈದ್ಯರಿಗೆ ಸೂಚನೆ" ಎಂಬ ಸಾಲು ಇದೆ. ಅಲ್ಲಿ ಔಷಧದ ವಿವರ ಬರೆದಿದ್ದೀರಿ. ಈ ಪದ್ಧತಿ ಯಾರಿಂದ ಕಲಿತಿರಿ?

ನಮ್ಮ ವರದಿಯಲ್ಲಿ ನಿಮಗೆ ಕೃತಜ್ಞತೆ ಹೇಳಲು ಇಷ್ಟಪಡುತ್ತೇವೆ. ಒಪ್ಪಿಗೆ ಕಳಿಸಿ.

ಅಮ್ಮನ ಬಗ್ಗೆ ನೀವು ಉತ್ತರ ಬರೆಯಲಿಲ್ಲ. ಇರಲಿ.

ನಿಮ್ಮ ಮಗಳು

&nbsp;

ಮಾರ್ಚ್ 3

ಅಳಿಲೇ,

ವರದಿಯಲ್ಲಿ ನನ್ನನ್ನು ಹಾಕಬೇಡ. ಇದು ವಿನಯವಲ್ಲ, ನನಗೆ ಅದು ಎಂದೂ ಇರಲಿಲ್ಲ ಎಂದು ನಿನ್ನ ಅಮ್ಮನೇ ಹೇಳುತ್ತಿದ್ದಳು. ಬೇಡ ಅಷ್ಟೆ.

ಬಾರದ ಹನ್ನೆರಡು ಜನರಲ್ಲಿ ಇಬ್ಬರು ಊರು ಬಿಟ್ಟರು, ಒಬ್ಬರು ವಯಸ್ಸಾಗಿ ಹೋದರು. ಬಸ್ ಕಂಡಕ್ಟರ್ ಒಬ್ಬ ಹಲ್ಲು ಕೀಳಿಸಿಕೊಂಡನಂತೆ, ಬೇರೆಯವರ ಹತ್ತಿರ. ಉಳಿದವರದು ಗೊತ್ತಿಲ್ಲ. ಬರದೇ ಇರುವವರು ಚೆನ್ನಾಗಿದ್ದಾರೆ ಎಂದು ಅಂದುಕೊಳ್ಳುವುದು ನಮ್ಮ ವೃತ್ತಿಯಲ್ಲಿ ಒಂದು ಸುಖ. ಅದನ್ನು ಅನುಭವಿಸಿದ್ದೇನೆ.

ಸೂಚನೆಯ ಸಾಲು ನನ್ನ ಗುರುಗಳದು. ರೋಗಿ ನಮ್ಮ ಕೈಯಿಂದ ಹೋದ ಮೇಲೆ ಯಾವ ಡಾಕ್ಟರ ಮುಂದೆ ಮಲಗುತ್ತಾನೋ ಗೊತ್ತಿಲ್ಲ, ಆ ಡಾಕ್ಟರಿಗೆ ನೀವು ಏನು ಮಾಡಿದ್ದೀರಿ ಎಂದು ತಿಳಿಯಬೇಕು ಎನ್ನುತ್ತಿದ್ದರು.

ಈಗ ನಾನೊಂದು ಕೇಳುತ್ತೇನೆ. ನಿನ್ನ ಸಿಮೆಂಟಿನಿಂದ ಔಷಧ ಹೊರಗೆ ಬರುತ್ತದಲ್ಲ, ಮೊದಲ ವಾರ ಎಷ್ಟು? ಆಮೇಲೆ ಎಷ್ಟು? ಒಂದು ವರ್ಷದ ಮೇಲೆ? ಐದು ವರ್ಷದ ಮೇಲೆ? ಸಾಯಿಸುವಷ್ಟು ಬರದೆ, ನಿಂತೂ ಹೋಗದೆ, ಹನಿಹನಿ ಬರುತ್ತಲೇ ಇದ್ದರೆ ಆ ಬ್ಯಾಕ್ಟೀರಿಯಾ ಏನು ಮಾಡುತ್ತವೆ? ಅದನ್ನು ಯಾರಾದರೂ ನೋಡಿದ್ದೀರಾ?

ಮಕ್ಕಳಿಗೆ ಹಾಕುವ ಮುಂಚೆ ನೋಡಿ.

ನಿನ್ನ ಅಪ್ಪ

&nbsp;

ಮಾರ್ಚ್ 15

ಅಪ್ಪನಿಗೆ,

ನೋಡಿದ್ದೇವೆ. ಮೊದಲ ವಾರ ಹೆಚ್ಚು, ಆಮೇಲೆ ಇಳಿಯುತ್ತದೆ, ಮೂವತ್ತನೆಯ ದಿನಕ್ಕೆ ಅಳೆಯಲು ಸಿಗದಷ್ಟು. ಅಲ್ಲಿಗೆ ನಿಲ್ಲಿಸಿದ್ದೇವೆ. ಐದು ವರ್ಷ ಕಾದು ನೋಡಿ ಆಮೇಲೆ ಕೆಲಸ ಶುರುಮಾಡಿ ಎಂದರೆ ಜಗತ್ತಿನಲ್ಲಿ ಯಾವ ಔಷಧವೂ ಬರುತ್ತಿರಲಿಲ್ಲ.

ನಿಮ್ಮನ್ನು ಒಂದು ಮಾತು ಕೇಳಲೇ? ಎಂದಾದರೂ ಒಂದು ಸಲ ನನ್ನ ಕೆಲಸವನ್ನು ನೋಡಿ ಚೆನ್ನಾಗಿದೆ ಎಂದಿದ್ದೀರಾ? ಈ ಸಲ ನಿಮ್ಮದೇ ಕೆಲಸವನ್ನು ಮುಂದುವರಿಸುತ್ತಿದ್ದೇನೆ, ಅದಕ್ಕೂ ಅಡ್ಡಗಾಲು. ಮೊನ್ನೆ ಅನುಮತಿ ಕೊಡುವ ಸಮಿತಿಯವರು ಒಪ್ಪಿಗೆ ಕೊಟ್ಟರು. ಜೂನ್ ಒಂದು ಸೋಮವಾರ, ಮೊದಲ ಮಗುವಿಗೆ ಎಂಟು ವರ್ಷ. ಅವಳ ತಾಯಿ ನನ್ನ ಕೈ ಹಿಡಿದುಕೊಂಡು, "ಇವಳಿಗೆ ಆ ಡ್ರಿಲ್ ಶಬ್ದ ಕೇಳಿದ್ರೇನೇ ಆಗಲ್ಲ, ಜಾಸ್ತಿ ಕೊರೀಬೇಡಿ ಮೇಡಂ" ಅಂದರು. ಥೇಟ್ ಅಮ್ಮನ ಮಾತು. ಸಮಿತಿಯ ಮುಂದೆ ಮಾತಾಡುವಾಗಲೂ ನಾನು ಅಮ್ಮನ ಕಥೆಯಿಂದಲೇ ಶುರುಮಾಡಿದ್ದೆ. ಈ ಸಿಮೆಂಟು ಆ ಹಲ್ಲಿನಲ್ಲಿ ಇದ್ದಿದ್ದರೆ ಆಕೆ ಇವತ್ತು ಅರವತ್ತಮೂರರ ಹೆಂಗಸಾಗಿರುತ್ತಿದ್ದಳು ಎಂದೆ.

ವರದಿಯಲ್ಲಿ ನಿಮ್ಮನ್ನು ಹಾಕಲು ಒಪ್ಪಿಗೆ ಕೊಡದಿದ್ದರೆ ಬೇಡ. ಕಾರ್ಡುಗಳನ್ನು ಜೋಪಾನವಾಗಿ ವಾಪಸು ಕಳಿಸುತ್ತೇನೆ.

ನಿಮ್ಮ ಮಗಳು

&nbsp;

ಮಾರ್ಚ್ 29

ಮಗಳೇ,

ಇತ್ತು.

ನಿನ್ನ ಅಮ್ಮನ ಹಲ್ಲಿನಲ್ಲಿ ಆ ಸಿಮೆಂಟು ಇತ್ತು. ಕೆಳಗಿನ ಸಾಲು, ಬಲಗಡೆ, ಹಿಂದಿನಿಂದ ಎರಡನೆಯದು. ಹೋಗುವುದಕ್ಕೆ ಆರು ವರ್ಷ ಮುಂಚೆ ಹಾಕಿದೆ. ಅಂಚು ಪುಡಿಯಾದಾಗಲೆಲ್ಲ ಮತ್ತೆ ಹಾಕಿದೆ, ಒಟ್ಟು ನಾಲ್ಕು ಸಲ.

ನಿನಗೆ ಗೊತ್ತಲ್ಲ ಅವಳ ಹೆದರಿಕೆ. ಊರಿನ ಹೆಂಗಸರಿಗೆಲ್ಲ ನಮ್ಮ ಯಜಮಾನರ ಕೈ ಹೂವಿನ ಹಾಗೆ ಎಂದು ಹೇಳಿ ಕಳಿಸುತ್ತಿದ್ದವಳು ತಾನು ಮಾತ್ರ ಆ ಕುರ್ಚಿಯ ಹತ್ತಿರ ಸುಳಿಯುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ, ಕ್ಲಿನಿಕ್ಕಿನಲ್ಲಿ ಯಾರೂ ಇಲ್ಲದಾಗ, ಕಾಡಿಬೇಡಿ ಕೂರಿಸುತ್ತಿದ್ದೆ. ಡ್ರಿಲ್ ತೋರಿಸಿದರೆ ನನ್ನ ಮಣಿಕಟ್ಟು ಹಿಡಿಯುತ್ತಿದ್ದಳು. ಹಾಗಾಗಿ ಹುಳುಕನ್ನು ಮೇಲೆಮೇಲೆ ಕೆರೆದು, ಔಷಧದ ಸಿಮೆಂಟು ತುಂಬಿ ಮುಚ್ಚುತ್ತಿದ್ದೆ. ಅವಳಿಗೆ ನೋವಾಗಬಾರದು ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ನಾಲ್ಕನೆಯ ಸಲ ರೂಟ್ ಕೆನಾಲ್ ಮಾಡಬೇಕಿತ್ತು, ಇಲ್ಲವೇ ಕೀಳಬೇಕಿತ್ತು. ಬೇರೆ ರೋಗಿಯಾಗಿದ್ದರೆ ಮಾಡುತ್ತಿದ್ದೆ.

ಬಾವು ಬಂದ ಎರಡು ದಿನ ನಾನು ಸುಮ್ಮನೆ ಕಾಯಲಿಲ್ಲ. ಅದೇ ಎರಡು ಔಷಧವನ್ನು ಮಾತ್ರೆಯಲ್ಲಿ ಕೊಟ್ಟೆ. ಇಳಿಯಲಿಲ್ಲ. ಆಸ್ಪತ್ರೆಯವರೂ ಅವೇ ಎರಡನ್ನು ರಕ್ತನಾಳದಲ್ಲಿ ಕೊಟ್ಟರು. ಮೂರು ದಿನ ಕೊಟ್ಟರು. ಆಮೇಲೆ ಕೀವಿನ ಪರೀಕ್ಷೆಯ ವರದಿ ಬಂತು. ಅವಳ ಮೈಯಲ್ಲಿದ್ದ ಬ್ಯಾಕ್ಟೀರಿಯಾಕ್ಕೆ ಆ ಎರಡೂ ನಾಟುತ್ತಿರಲಿಲ್ಲ. ಆರು ವರ್ಷ ಹನಿಹನಿ ಸಿಕ್ಕ ಔಷಧಕ್ಕೆ ಅವು ಪಳಗಿಬಿಟ್ಟಿದ್ದವು. ಬೇರೆ ಔಷಧ ಶುರುಮಾಡುವ ಹೊತ್ತಿಗೆ ಕೀವು ಎದೆಗಿಳಿದಿತ್ತು.

ಒಂದು ಹಲ್ಲಿನಿಂದ ಏನೂ ಸಾಬೀತಾಗುವುದಿಲ್ಲ ಎಂದು ನೀನು ಹೇಳಬಹುದು. ನನಗೂ ನಾನು ಹಾಗೇ ಹೇಳಿಕೊಂಡೆ, ಹದಿನಾಲ್ಕು ವರ್ಷ.

ಅವಳಿಗೆ ಕಾರ್ಡು ಇಲ್ಲ. ಹುಡುಕಬೇಡ. ಮನೆಯವರಿಗೆ ಯಾರಾದರೂ ಕಾರ್ಡು ಬರೆಯುತ್ತಾರಾ? ಊಟಕ್ಕೆ ಬಡಿಸುವವಳ ಹಲ್ಲು ಎಷ್ಟನೆಯದು ಎಂದು ಬರೆದಿಡುವುದು ನಗೆಪಾಟಲು ಅನ್ನಿಸುತ್ತಿತ್ತು. ಆಸ್ಪತ್ರೆಯಲ್ಲಿ, ಈಚೆಗೆ ಯಾವುದಾದರೂ ಆಂಟಿಬಯಾಟಿಕ್ ಮೈಗೆ ಸೇರಿದೆಯೇ ಎಂದು ಕೇಳಿದಾಗ, ಎರಡು ದಿನದ ಮಾತ್ರೆ ಎಂದೆ. ಮೊದಲು? ಇಲ್ಲ ಎಂದೆ. ಫಿಲ್ಲಿಂಗ್ ನೆನಪಿಗೆ ಬರಲಿಲ್ಲ.

ಜೊತೆಗೆ ಒಂದು ಸಣ್ಣ ಬಾಟಲಿ ಇಟ್ಟಿದ್ದೇನೆ. ಆಸ್ಪತ್ರೆಯಲ್ಲಿ ಕಿತ್ತ ಹಲ್ಲು, ಫಿಲ್ಲಿಂಗ್ ಸಮೇತ. ಕೇಳಿ ತಂದುಕೊಂಡಿದ್ದೆ. ಯಾಕೆಂದು ಆಗ ಗೊತ್ತಿರಲಿಲ್ಲ. ವರದಿಯ ಪ್ರತಿಯೂ ಇದೆ. ಆ ಎಂಟು ವರ್ಷದ ಹುಡುಗಿಗೆ ಹಾಕುವ ಮುಂಚೆ ಇದನ್ನು ಒಡೆದು ನೋಡು.

ಅಪ್ಪ

&nbsp;

ಏಪ್ರಿಲ್ 30

ಮಗಳೇ,

ಒಂದು ತಿಂಗಳಾಯಿತು. ಕಾಗದ ಬರಲಿಲ್ಲ, ಬರಬೇಕೆಂದು ಕೇಳುವ ಮುಖವೂ ನನಗಿಲ್ಲ. ಲಕೋಟೆ ತಲುಪಿದೆ ಎಂದು ಅಂಚೆಯವನು ಹೇಳಿದ. ಸಿಸ್ಟರ್ ದಿನಾ ಬಾಗಿಲ ಹತ್ತಿರ ನಿಂತು ಬರುತ್ತಾರೆ, ಉಪಕರಣ ಒರೆಸಲು ಕೂರುತ್ತಾರೆ. ಯಾರಿಗೂ ಬೇಡದ ಉಪಕರಣ.

ಹಿಂದಿನ ಕಾಗದದಲ್ಲಿ ಒಂದು ಸುಳ್ಳಿದೆ. ಅಷ್ಟೆಲ್ಲ ಬರೆದೂ ಒಂದನ್ನು ಉಳಿಸಿಕೊಂಡೆ.

ಫಿಲ್ಲಿಂಗ್ ನೆನಪಿಗೆ ಬಂದಿತ್ತು. ಕೇಳಿದ ಡಾಕ್ಟರು ಯಾರು ಗೊತ್ತೇ? ನನ್ನ ಹತ್ತಿರ ಆರು ತಿಂಗಳು ಕೆಲಸ ಕಲಿತವನು. ನಾನು ಒಳಗೆ ಕಾಲಿಟ್ಟ ಕೂಡಲೇ ಕುರ್ಚಿ ಬಿಟ್ಟು ಎದ್ದವನು. ಅವನ ಜೊತೆ ಇನ್ನೂ ಮೂವರು ಕಿರಿಯರು ನಿಂತಿದ್ದರು. "ಇವರೇ ನಮ್ಮ ಸರ್, ಕಾರ್ಡು ಬರೆಯೋದು ಹೇಗೆ ಅಂತ ಇವರ ಹತ್ರ ಕಲೀಬೇಕು ನೀವು" ಅಂದ. ಆಮೇಲೆ ನನ್ನ ಕಡೆ ತಿರುಗಿ ಆ ಪ್ರಶ್ನೆ ಕೇಳಿದ. ಹೆಂಡತಿಯ ಬಾಯಿಯಲ್ಲಿ ಆರು ವರ್ಷದಿಂದ ಚಿಟಿಕೆ ಲೆಕ್ಕದ ಔಷಧ ಇದೆ, ಅದಕ್ಕೆ ಕಾರ್ಡಿಲ್ಲ, ಎಂದು ಆ ನಾಲ್ವರ ಮುಂದೆ ಹೇಳಲು ನಾಲಿಗೆ ಏಳಲಿಲ್ಲ. ಇಲ್ಲ ಎಂದೆ. ಸಂಜೆ ಒಬ್ಬನೇ ಸಿಕ್ಕಾಗ ಹೇಳಿದರಾಯಿತು ಎಂದುಕೊಂಡೆ. ಸಂಜೆ ಅವಳಿಗೆ ಸ್ವಲ್ಪ ಜ್ವರ ಇಳಿದಿತ್ತು, ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ.

ಹೇಳಿದ್ದರೆ ಅವನು ಮೊದಲ ದಿನವೇ ಬೇರೆ ಔಷಧ ಕೊಡುತ್ತಿದ್ದ. ಮೂರು ದಿನ ಸಿಗುತ್ತಿತ್ತು. ನೀನು ಆ ಎರಡು ದಿನವನ್ನು ನನ್ನ ಮೇಲೆ ಹೊರಿಸಿದೆ, ನಾನು ಬಾಯಿ ಮುಚ್ಚಿಕೊಂಡು ಹೊತ್ತೆ. ಯಾಕೆಂದರೆ ಅದಕ್ಕಿಂತ ದೊಡ್ಡದು ಕೆಳಗಿತ್ತು.

ಇನ್ನೊಂದು. ಇದಕ್ಕೇ ಈ ಕಾಗದ ಬರೆಯಲೇಬೇಕಾಯಿತು. ನೀನು ಹಾಸ್ಟೆಲಿಗೆ ಹೊರಡುವ ಹಿಂದಿನ ವಾರ, ಹತ್ತೊಂಬತ್ತು ತುಂಬಿತ್ತು ನಿನಗೆ, ಎಡಗಡೆಯ ಕೆಳಗಿನ ದವಡೆ ಹಲ್ಲೊಂದನ್ನು ತುಂಬಿಸಿದೆ. ಅದರಲ್ಲೂ ಅದೇ ಇದೆ. ನಿನಗೂ ಕಾರ್ಡಿಲ್ಲ. ಸಿಮೆಂಟು ಇಷ್ಟು ವರ್ಷ ಬಾಳುವುದೇ ಅಪರೂಪ, ಇನ್ನೂ ಇದ್ದರೆ ತೆಗೆಸು. ನನ್ನ ಮೇಲಿನ ಸಿಟ್ಟಿಗೆ ತಡಮಾಡಬೇಡ. ಇದೊಂದು ಮಾತು ನಡೆಸಿಕೊಡು.

ಅಪ್ಪ

&nbsp;

ಮೇ 26

ಅಪ್ಪನಿಗೆ,

ಬಾಟಲಿಯ ಜೊತೆ ನೀವು ಕಳಿಸಿದ ಕಾಗದ ಓದಿ, ಬಾಟಲಿಯನ್ನು ಲ್ಯಾಬಿನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಹನ್ನೊಂದು ದಿನ ಆ ಕಡೆ ನೋಡಲಿಲ್ಲ. ಅದರ ಮುಂದಿನ ಕಾಗದ ಬಂದಾಗ ನಡುಮನೆಯಲ್ಲಿ ನೆಲದ ಮೇಲೆ ಕೂತು ಓದಿದೆ, ಕೂತಲ್ಲೇ ತುಂಬ ಹೊತ್ತು ಅತ್ತೆ. ನಿಮ್ಮ ಮೇಲೆ ಬಂದ ಸಿಟ್ಟನ್ನು ಬರೆದರೆ ಕಾಗದ ಸಾಲುವುದಿಲ್ಲ.

ಹಲ್ಲಿನ ವಿಷಯ ಹೇಳಿಬಿಡುತ್ತೇನೆ. ನಾನೇ ಕತ್ತರಿಸಿದೆ. ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಫಿಲ್ಲಿಂಗಿನ ಒಂದು ಚೂರನ್ನು ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯ ಮೇಲಿಟ್ಟೆ. ಹೊಸದಾಗಿ ಕಲಸಿದ ಸಿಮೆಂಟಿನ ಸುತ್ತ ಒಂದು ಬೆರಳಗಲ ಎಲ್ಲ ಸತ್ತು ಬಯಲಾಗುತ್ತದೆ. ಅಮ್ಮನ ಹಲ್ಲಿನ ಚೂರಿನ ಸುತ್ತ ಬಯಲು ಇತ್ತು, ಉಗುರಿನ ಅಂಚಿನಷ್ಟು. ಭೂತಗನ್ನಡಿಯಲ್ಲಿ ನೋಡಿದಾಗಷ್ಟೇ ಕಂಡಿತು. ಇಷ್ಟು ವರ್ಷ ಬಾಟಲಿಯಲ್ಲಿ ಒಣಗಿದ ಮೇಲೂ ಇನ್ನೂ ಬರುತ್ತಿದೆ, ಹನಿಹನಿಯಾಗಿ. ನಾವು ಮೂವತ್ತು ದಿನಕ್ಕೆ ಅಳತೆ ನಿಲ್ಲಿಸಿದ್ದೆವು. ನಮ್ಮ ಯಂತ್ರಕ್ಕೆ ಸಿಗಲಿಲ್ಲ ಎಂದು ಅದು ಇಲ್ಲ ಎಂದುಕೊಂಡೆವು. ನೀವು ಮಾರ್ಚಿನಲ್ಲಿ ಕೇಳಿದ್ದು ಇದನ್ನೇ. ನಾನು ನಿಮ್ಮನ್ನು ಅಡ್ಡಗಾಲು ಎಂದೆ.

ಒಂದು ಹಲ್ಲಿನಿಂದ ಏನೂ ಸಾಬೀತಾಗುವುದಿಲ್ಲ, ಅದು ನಿಜ. ಆದರೆ ನೋಡಿದ್ದನ್ನು ನೋಡಿಲ್ಲ ಎನ್ನಲಾರೆ. ಸಮಿತಿಯ ಮುಂದೆ ಮತ್ತೆ ಹೋದೆ. ಹಿಂದಿನ ಸಲ ನಾನು ಹೇಳಿದ ಕಥೆ ತಪ್ಪು, ಆ ಸಿಮೆಂಟು ಆಕೆಯ ಹಲ್ಲಿನಲ್ಲಿ ಇತ್ತು ಎಂದೆ. ಹಾಕಿದವರು ಯಾರು ಎಂದು ಒಬ್ಬರು ಕೇಳಿದರು. ನನ್ನ ಅಪ್ಪ ಎಂದೆ. ಹಿಂದೊಮ್ಮೆ ಇದೇ ಎರಡು ಮಾತನ್ನು ಹೆಮ್ಮೆಯಿಂದ ಹೇಳಿದ್ದೆ. ಈ ಸಲ ಹೇಗೆ ಹೇಳಿದೆನೋ ನನಗೇ ತಿಳಿಯದು, ಆದರೆ ದನಿ ತಗ್ಗಿಸಲಿಲ್ಲ.

ಜೂನ್ ಒಂದಕ್ಕೆ ಏನೂ ಶುರುವಾಗುವುದಿಲ್ಲ. ಆ ಹುಡುಗಿಯ ತಾಯಿಗೆ ನಾನೇ ಹೋಗಿ ಹೇಳಿದೆ. ಪಾಪ, ಬೇಜಾರಾದರು. ಔಷಧದ ಸಿಮೆಂಟನ್ನು ಹತ್ತು ದಿನ ಮಾತ್ರ ಇಟ್ಟು, ಪೂರ್ತಿ ತೆಗೆದು, ಬರೀ ಸಿಮೆಂಟಿನಿಂದ ಮುಚ್ಚಿದರೆ ಹೇಗೆ ಎಂದು ಯೋಚಿಸುತ್ತಿದ್ದೇವೆ. ಮೊದಲಿನಿಂದ ಶುರು, ಇನ್ನೆರಡು ವರ್ಷ ಹಿಡಿಯಬಹುದು. ಒಂದನ್ನು ಮಾತ್ರ ಈಗಲೇ ತೀರ್ಮಾನ ಮಾಡಿದ್ದೇನೆ. ಮುಂದೆ ಯಾವ ಮಗುವಿಗೆ ಹಾಕಿದರೂ ಮನೆಗೆ ಒಂದು ಕಾರ್ಡು ಹೋಗಬೇಕು, ನಿಮ್ಮ ಕಾರ್ಡಿನ ಹಾಗೆ, ಕೆಳಗಿನ ಆ ಸಾಲಿನ ಸಮೇತ.

ನನ್ನ ಹಲ್ಲಿನದನ್ನು ಕಳೆದ ಗುರುವಾರ ತೆಗೆಸಿದೆ. ನನ್ನ ಜೊತೆ ಕೆಲಸ ಮಾಡುವವಳು ತೆಗೆದಳು. ಕೆಳಗೆ ಹುಳುಕು ಒಣಗಿ ಗಟ್ಟಿಯಾಗಿತ್ತು, ಕೀವಿಲ್ಲ, ಏನಿಲ್ಲ. ನನ್ನ ಪಾಲಿಗೆ ನಿಮ್ಮ ಚಿಟಿಕೆ ಕೆಲಸ ಮಾಡಿದೆ. ಅದನ್ನು ಕೇಳಿ ನಗಬೇಕೋ ಅಳಬೇಕೋ ಗೊತ್ತಾಗದೆ ಕುರ್ಚಿಯಲ್ಲೇ ಕೂತಿದ್ದೆ, ಬಾಯಿ ತೆರೆದುಕೊಂಡು.

ಕ್ಷಮಿಸಿದ್ದೇನೆ ಎಂದು ಬರೆಯಲು ಮೂರು ಸಲ ಕೂತೆ. ಆಗಲಿಲ್ಲ. ಆ ನಾಲ್ವರ ಮುಂದೆ ನೀವು ನಿಂತಿರುವುದು ಕಣ್ಣಿಗೆ ಕಟ್ಟುತ್ತದೆ. ಕೆನ್ನೆಗೆ ಹೊಡೆಯಬೇಕು ಅನ್ನಿಸುತ್ತದೆ, ಮರುಗಳಿಗೆ ಕೈ ಹಿಡಿದು ಆಚೆ ಕರೆದುಕೊಂಡು ಹೋಗಬೇಕು ಅನ್ನಿಸುತ್ತದೆ. ನೀವು ಹೇಳದೆ ಇದ್ದಿದ್ದರೆ ನನಗೆಂದೂ ಗೊತ್ತಾಗುತ್ತಿರಲಿಲ್ಲ. ಜೂನ್ ಒಂದಕ್ಕೆ ಆ ಹುಡುಗಿ ಕುರ್ಚಿಯಲ್ಲಿ ಕೂರುತ್ತಿದ್ದಳು. ಅದನ್ನೂ ಮರೆಯುವುದಿಲ್ಲ.

ಜೂನ್ ಮೂರನೆಯ ವಾರ ಬರುತ್ತೇನೆ. ಎಷ್ಟು ದಿನ ಇರುತ್ತೇನೆಂದು ಕೇಳಬೇಡಿ. ಕಿವಿಯ ಯಂತ್ರವನ್ನು ಡ್ರಾಯರಿನಿಂದ ತೆಗೆದಿಡಿ, ಕಾಗದದಲ್ಲಿ ಜಗಳವಾಡಲು ಬರುವುದಿಲ್ಲ ನನಗೆ. ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ. ಎರಡು ಕಾರ್ಡು ಬರೆಯಬೇಕಿದೆ ನೀವು.

ಅಳಿಲು

&nbsp;

ಜೂನ್ 11

ಅಳಿಲೇ,

ಖಾಲಿ ಕಾರ್ಡುಗಳು ಮುಗಿದಿದ್ದವು. ಸಿಸ್ಟರ್ ಹಳೆಯ ಕಪಾಟಿನ ತಳದಿಂದ ಎರಡನ್ನು ಹುಡುಕಿ ಕೊಟ್ಟರು. ಯಾರಿಗೆಂದು ಕೇಳಲಿಲ್ಲ. ಪೆನ್ನು ಕೊಟ್ಟು, ಕಾರ್ಡು ಜಾರದ ಹಾಗೆ ಒಂದು ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡು ಪಕ್ಕದಲ್ಲೇ ಕೂತರು.

ನಿನ್ನದು ಒಂದೇ ದಿನಕ್ಕೆ ಮುಗಿಯಿತು. ಇನ್ನೊಂದಕ್ಕೆ ಐದು ದಿನ ಹಿಡಿಯಿತು. ಅಕ್ಷರ ಓದಲು ಕಷ್ಟವಾದರೆ ಬಂದಾಗ ಓದಿ ಹೇಳುತ್ತೇನೆ. ಯಂತ್ರ ಕಿವಿಯಲ್ಲೇ ಇದೆ. ಬೆಳಗಿನಿಂದ ಗೋಡೆ ಗಡಿಯಾರದ ಸದ್ದು ಕೇಳಿಸುತ್ತಿದೆ, ಇಷ್ಟು ಜೋರಾಗಿ ನಡೆಯುತ್ತದೆಂದು ಗೊತ್ತಿರಲಿಲ್ಲ.

ನಿನ್ನ ಕಾರ್ಡು ನೀನು ಬಂದಾಗ ಕೈಗೆ ಕೊಡುತ್ತೇನೆ. ಅವಳದು ಇದರ ಜೊತೆ ಇದೆ.

ಅಪ್ಪ

&nbsp;

ರೋಗಿ: ನನ್ನ ಹೆಂಡತಿ. ವಯಸ್ಸು ನಲವತ್ತೊಂಬತ್ತು.

ಹಲ್ಲು: ಕೆಳಗಿನ ಸಾಲು, ಬಲಗಡೆ, ಹಿಂದಿನಿಂದ ಎರಡನೆಯದು.

ತೊಂದರೆ: ಹುಳುಕು. ಡ್ರಿಲ್ಲಿಗೆ ತುಂಬ ಹೆದರುತ್ತಾಳೆ. ಮಣಿಕಟ್ಟು ಹಿಡಿದುಕೊಂಡರೆ ಬಿಡಿಸಿಕೊಳ್ಳಬೇಡಿ, ಸ್ವಲ್ಪ ಹೊತ್ತಿಗೆ ತಾನೇ ಬಿಡುತ್ತಾಳೆ.

ಮಾಡಿದ್ದು: ಔಷಧ ಬೆರೆಸಿದ ಸಿಮೆಂಟು, ನಾಲ್ಕು ಸಲ, ಆರು ವರ್ಷ. ಅಳತೆ ಸರಿಯಾಗಿ ತಿಳಿಯದು.

ಬೇರೆ ವೈದ್ಯರಿಗೆ ಸೂಚನೆ: ಈ ಹಲ್ಲಿನೊಳಗೆ ಎರಡು ಆಂಟಿಬಯಾಟಿಕ್ ಇವೆ. ಹಾಕಿದವನು ನಾನು. ಬಾವು ಬಂದರೆ ಅವೆರಡೂ ಈಕೆಗೆ ನಾಟದೆ ಇರಬಹುದು. ಕಾಯಬೇಡಿ. ಇವತ್ತೇ ಬೇರೆ ಔಷಧ ಕೊಡಿ.